ಒಡೆದ ಕಿಟಕಿ ಗಾಜು: ಮೊದಲು ಚೌಕಟ್ಟು ನೋಡಿ, ಆಮೇಲೆ ಗಾಜು ಕೊಳ್ಳಿ

“ಹೋದ ವರ್ಷವಷ್ಟೇ ಹೊಸ ಗಾಜು ಹಾಕಿಸಿದ್ದೆ. ಅದೇ ಮೂಲೆಯಲ್ಲಿ ಮತ್ತೆ ಬಿರುಕು ಬಿಟ್ಟಿದೆ. ಏಕೆ?” ಕಿಟಕಿಯ ವಿಷಯದಲ್ಲಿ ಓದುಗರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: ಹಚ್ಚಿದ ಪುಟ್ಟಿ ಏಕೆ ಉದುರುತ್ತದೆ? ಜೋಡಿ ಗಾಜಿನ ನಡುವೆ ಮಂಜು ಕಟ್ಟಿದರೆ ಒರೆಸುವುದು ಹೇಗೆ?

ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಗಾಜು ತಾನಾಗಿ ಕೆಡುವುದು ಅಪರೂಪ. ಕೆಡುವುದು ಅದನ್ನು ಹಿಡಿದಿರುವ ಚೌಕಟ್ಟು, ಮತ್ತು ಅದನ್ನು ಕೆಡಿಸುವುದು ಬಹುಪಾಲು ನೀರು. ನೀರು ನಿಂತು ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಬಿಜಾಗರಿಯ ಸ್ಕ್ರೂ ಸಡಿಲಗೊಂಡು ಕದ ಜೋಲುತ್ತದೆ. ಕೊನೆಗೆ ಆ ಒತ್ತಡ ಗಾಜಿನ ಅಂಚಿಗೆ ಬಂದು ಸೇರುತ್ತದೆ. ಆದ್ದರಿಂದ ಅಳತೆ ಪಟ್ಟಿ ಹಿಡಿದು ಅಂಗಡಿಗೆ ಹೊರಡುವ ಮೊದಲು ಹತ್ತು ನಿಮಿಷ ಒಡೆದ ಗಾಜನ್ನೇ ನೋಡಿ.

ಬಿರುಕು ಏನು ಹೇಳುತ್ತದೆ

ಒಂದು ಬಿಂದುವಿನಿಂದ ನಕ್ಷತ್ರದಂತೆ ಸುತ್ತಲೂ ಸೀಳು ಹರಡಿದ್ದರೆ ಅದು ಪೆಟ್ಟು. ಇದರಲ್ಲಿ ಚೌಕಟ್ಟಿನ ತಪ್ಪಿಲ್ಲ. ಗಾಜು ಬದಲಿಸಿದರೆ ಸಾಕು.

ಅಂಚಿನಿಂದ ನೇರವಾಗಿ, ಅಂದರೆ ಅಂಚಿಗೆ ಲಂಬವಾಗಿ ಹೊರಟು, ಸ್ವಲ್ಪ ದೂರ ಹೋದ ಮೇಲೆ ಅಂಕುಡೊಂಕಾಗಿ ಅಲೆದಿದ್ದರೆ ಅದು ಶಾಖದ ಬಿರುಕು. ಬಿಸಿಲಿಗೆ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ತಂಪಾಗಿಯೇ ಉಳಿಯುತ್ತದೆ. ಈ ಎಳೆದಾಟದಲ್ಲಿ ಅಂಚು ಸೀಳುತ್ತದೆ. ಕಪ್ಪು ಫಿಲ್ಮ್ ಅಂಟಿಸಿದ ಗಾಜು, ದಪ್ಪ ಪರದೆ ತೀರಾ ಹತ್ತಿರ ಇರುವ ಗಾಜು, ಅರ್ಧಕ್ಕೆ ಮಾತ್ರ ನೆರಳು ಬೀಳುವ ಗಾಜು ಹೀಗೆ ಒಡೆಯುವುದು ಹೆಚ್ಚು. ಕತ್ತರಿಸುವಾಗ ಅಂಚಿನಲ್ಲಿ ಉಳಿದ ಸಣ್ಣ ಚಕ್ಕೆಯೂ ಇದಕ್ಕೆ ದಾರಿ ಮಾಡಿಕೊಡುತ್ತದೆ. ಇಂಥ ಕಡೆ ಅಂಚು ಚೆನ್ನಾಗಿ ಉಜ್ಜಿದ ಗಾಜನ್ನೋ, ಶಾಖ ತಾಳುವಂತೆ ಕಾಯಿಸಿ ತಣಿಸಿ ಬಲಗೊಳಿಸಿದ ಟಫನ್ಡ್ ಗಾಜನ್ನೋ ಹಾಕಬೇಕು.

ಮೂಲೆಯಿಂದ ಅಥವಾ ಅಂಚಿನ ಒಂದೇ ಜಾಗದಿಂದ ಓರೆಯಾಗಿ ಹೊರಟ ಬಿರುಕು ಒತ್ತಡದ್ದು. ಅದು ಹುಟ್ಟಿದ ಜಾಗದ ಎದುರಿಗೇ ಚೌಕಟ್ಟಿನಲ್ಲಿ ಹುಡುಕಿ: ಒಳಕ್ಕೆ ಬಾಗಿದ ಮೊಳೆ, ಉಬ್ಬಿದ ತುಕ್ಕು, ಗಟ್ಟಿಯಾಗಿ ಉಳಿದ ಹಳೆ ಪುಟ್ಟಿಯ ಗಂಟು, ಏನಾದರೊಂದು ಸಿಕ್ಕೇ ಸಿಗುತ್ತದೆ. ವರ್ಷದೊಳಗೆ ಅದೇ ಮೂಲೆ ಮತ್ತೆ ಬಿರುಕು ಬಿಡುವುದು ಇದನ್ನು ಹುಡುಕದೆ ಬಿಟ್ಟಾಗ.

ಯಾರೂ ಮುಟ್ಟದಿದ್ದರೂ ಇಡೀ ಗಾಜು ಸಣ್ಣ ಹರಳುಗಳಾಗಿ ಸಿಡಿದಿದ್ದರೆ ಅದು ಟಫನ್ಡ್ ಗಾಜು. ಅಂಚಿಗೆ ಹಿಂದೆಂದೋ ಬಿದ್ದ ಪೆಟ್ಟು ಒಂದು ಕಾರಣ. ಗಾಜು ತಯಾರಾಗುವಾಗಲೇ ಒಳಗೆ ಸೇರಿದ ನಿಕಲ್ ಸಲ್ಫೈಡ್ ಕಣ ಕಾಲಾಂತರದಲ್ಲಿ ಹಿಗ್ಗುವುದು ಇನ್ನೊಂದು. ಎರಡನೆಯದಕ್ಕೆ ಹಾಕಿದವರನ್ನಾಗಲಿ ಬಳಸಿದವರನ್ನಾಗಲಿ ದೂರುವಂತಿಲ್ಲ.

ಈಗಿರುವುದು ಯಾವ ಗಾಜು?

ಇದನ್ನು ತಿಳಿಯದೆ ಹೊಸದನ್ನು ಕೊಳ್ಳಬೇಡಿ. ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದ ಚೂರುಗಳಾಗುತ್ತದೆ. ಟಫನ್ಡ್ ಎಂದರೆ ಕಾಯಿಸಿ ಥಟ್ಟನೆ ತಣಿಸಿ ಬಲಗೊಳಿಸಿದ ಗಾಜು. ಮೂಲೆಯಲ್ಲಿ ಸಾಮಾನ್ಯವಾಗಿ ಅಳಿಸಲಾಗದ ಸಣ್ಣ ಮುದ್ರೆ ಇರುತ್ತದೆ, ಪೋಲರಾಯ್ಡ್ ತಂಪು ಕನ್ನಡಕ ಹಾಕಿ ಓರೆಯಾಗಿ ನೋಡಿದರೆ ಮಬ್ಬು ಪಟ್ಟೆ ಅಥವಾ ಚುಕ್ಕೆಗಳು ಕಾಣುತ್ತವೆ. ಲ್ಯಾಮಿನೇಟೆಡ್ ಎಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿದ್ದು; ಬಿರುಕು ಬಿಟ್ಟರೂ ಚೂರು ಕಳಚುವುದಿಲ್ಲ. ಅದರ ದಪ್ಪ 6.38 ಮಿ.ಮೀ. ಎಂದಿದ್ದರೆ 3 ಮಿ.ಮೀ.ಯ ಎರಡು ಗಾಜು, ನಡುವೆ 0.38 ಮಿ.ಮೀ. ಪದರ ಎಂದರ್ಥ.

ಬಾಗಿಲಲ್ಲಿ, ಬಾಗಿಲ ಪಕ್ಕದಲ್ಲಿ, ಬಚ್ಚಲಲ್ಲಿ, ನೆಲದಿಂದ ಸುಮಾರು 80 ಸೆಂ.ಮೀ.ಗಿಂತ ಕೆಳಗೆ ಬರುವ ಕಿಟಕಿಯಲ್ಲಿ ಸಾದಾ ಗಾಜು ಒಡೆದಿದ್ದರೆ ಮತ್ತೆ ಸಾದಾ ಗಾಜನ್ನೇ ಹಾಕಬೇಡಿ. ಜಾರಿ ಬಿದ್ದವರ ಮೈ, ಓಡಿ ಬಂದ ಮಕ್ಕಳ ಕೈ ತಾಗುವುದು ಈ ಜಾಗಗಳಿಗೇ. ತಲೆಯ ಮೇಲಿನ ಗಾಜಿಗೆ ಲ್ಯಾಮಿನೇಟೆಡ್ ಮಾತ್ರ. ಟಫನ್ಡ್ ಹರಳುಗಳೂ ಗೊಂಚಲಾಗಿ ಮೇಲಿನಿಂದ ಬಿದ್ದರೆ ಗಾಯ ಮಾಡುತ್ತವೆ.

ರಿಪೇರಿಗೆ ಮುನ್ನ, ಇವತ್ತೇ ಮಾಡಬೇಕಾದದ್ದು

ಬಿರುಕು ಮಾತ್ರ ಬಿಟ್ಟಿದ್ದರೆ ಎರಡೂ ಬದಿಗೆ ಅಗಲದ ಟೇಪನ್ನು ಅಡ್ಡಡ್ಡ ಅಂಟಿಸಿ, ಆ ಕದವನ್ನು ತೆರೆದು ಮುಚ್ಚುವುದು ನಿಲ್ಲಿಸಿ. ಚೂರು ಬಿದ್ದಿದ್ದರೆ ಹೊರಗಿನಿಂದ ಪ್ಲೈವುಡ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹಾಳೆಯ ಮೇಲಂಚು ಚೌಕಟ್ಟಿನ ಮೇಲ್ಗಡೆಯಿಂದ ಇಳಿಯುವಂತಿರಲಿ, ಇಲ್ಲದಿದ್ದರೆ ಮಳೆ ನೀರು ಅದರ ಹಿಂದೆ ಸೇರುತ್ತದೆ. ಬಿರುಕಿಗೆ ಅಂಟು ತುಂಬಿ ಉಳಿಸಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ರಾಳ ತುಂಬುವ ವಿಧಾನ ವಾಹನಗಳ ಮುಂಗಾಜಿನ ಸಣ್ಣ ಚಕ್ಕೆಗಳಿಗೆ, ಅದು ಲ್ಯಾಮಿನೇಟೆಡ್. ಕಿಟಕಿಯ ಸಾದಾ ಗಾಜಿನಲ್ಲಿ ಬಿರುಕು ಮುಂದುವರಿಯುತ್ತಲೇ ಇರುತ್ತದೆ.

ಬೇಕಾಗುವ ವಸ್ತುಗಳು

ದಪ್ಪ ಕೈಗವಸು, ಕಣ್ಣಿಗೆ ಗಾಗಲ್ಸ್, ಪೂರ್ತಿ ಮುಚ್ಚಿದ ಬೂಟು, ತುಂಬು ತೋಳಿನ ಅಂಗಿ. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಕೆಲಸ ಶುರು ಮಾಡಬೇಡಿ. ಉಪಕರಣಗಳಲ್ಲಿ ಹಳೆಯ ಉಳಿ (ಹೊಸದು ಹಾಳಾಗುತ್ತದೆ), ಸುತ್ತಿಗೆ, ಇಕ್ಕಳ, ಪುಟ್ಟಿ ಬ್ಲೇಡ್, ಉಕ್ಕಿನ ಅಳತೆ ಪಟ್ಟಿ, ಉಜ್ಜುಕಾಗದ. ಸಾಮಗ್ರಿಯಲ್ಲಿ ಅಗಸೆ ಎಣ್ಣೆಯ ಗ್ಲೇಜಿಂಗ್ ಪುಟ್ಟಿ, ಮರದ ಆಯಿಲ್ ಪ್ರೈಮರ್, ತಲೆಯಿಲ್ಲದ ಸಣ್ಣ ಮೊಳೆ, ಬಣ್ಣ.

ಪುಟ್ಟಿ ಎಷ್ಟು ಬೇಕು? 60 × 90 ಸೆಂ.ಮೀ. ಗಾಜಿನ ಸುತ್ತಳತೆ 3 ಮೀಟರ್. ಹಿಂದೆ 2 ಮಿ.ಮೀ. ಹಾಸು, ಮುಂದೆ ಸೆಂಟಿಮೀಟರಿನಷ್ಟು ಎತ್ತರದ ಇಳಿಜಾರು ಎಂದರೆ ಸುಮಾರು 400 ಗ್ರಾಂ. ಉದುರಿ ಹೋಗುವುದನ್ನೂ ಸೇರಿಸಿ ಅರ್ಧ ಕಿಲೊ ತನ್ನಿ.

ಒಂದು ಎಚ್ಚರಿಕೆ. ಗೋಡೆಗೆ ಹಚ್ಚುವ ಪುಟ್ಟಿ ಬೇರೆ, ಗಾಜಿನ ಪುಟ್ಟಿ ಬೇರೆ. ಗೋಡೆಯದು ಸಾಮಾನ್ಯವಾಗಿ ಸಿಮೆಂಟ್ ಆಧಾರದ ಪುಡಿ. ಮರದ ಹಿಗ್ಗು ಕುಗ್ಗಿಗೆ ಅದು ಬಾಗುವುದಿಲ್ಲ, ಒಂದೇ ಮಳೆಗಾಲಕ್ಕೆ ಬಿರಿದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಗಾಜಿನ ಪುಟ್ಟಿ ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದ್ದು.

ಮರದ ಕಿಟಕಿ: ಹಂತ ಹಂತವಾಗಿ

1. ಕದವನ್ನು ಕೆಳಗಿಳಿಸಿ. ಸಾಧ್ಯವಿದ್ದರೆ ಬಿಜಾಗರಿ ಬಿಚ್ಚಿ ಕದವನ್ನು ಮೇಜಿನ ಮೇಲೆ ಮಲಗಿಸಿ. ಪುಟ್ಟಿ ಇರುವುದು ಹೊರಬದಿಗೆ, ಆದ್ದರಿಂದ ಮೇಲಿನ ಮಹಡಿಯಲ್ಲಿ ಏಣಿ ಹತ್ತಿ ಮಾಡಬೇಕಾಗುತ್ತದೆ. ಕದ ಇಳಿಸಿದರೆ ಆ ಅಪಾಯವೇ ಇಲ್ಲ. ಪುಟ್ಟಿ ಸಮನಾಗಿ ಕೂರುವುದೂ ಮಲಗಿಸಿದ ಕದದಲ್ಲೇ.

2. ಚೂರು ತೆಗೆಯಿರಿ. ನೆಲಕ್ಕೆ ದಪ್ಪ ಬಟ್ಟೆ ಹಾಸಿ. ಕದ ನಿಂತೇ ಇದ್ದರೆ ಮೇಲಿನ ಚೂರಿನಿಂದ ಕೆಳಕ್ಕೆ ಬನ್ನಿ; ಕೆಳಗಿನದನ್ನು ಮೊದಲು ಎಳೆದರೆ ಮೇಲಿನದು ಮಣಿಕಟ್ಟಿನ ಮೇಲೆ ಇಳಿಯುತ್ತದೆ. ಚೂರನ್ನು ಅಲ್ಲಾಡಿಸುತ್ತಾ ಎಳೆಯಿರಿ, ತಿರುಚಬೇಡಿ. ತೆಗೆದದ್ದನ್ನು ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕಿ, ಟೇಪ್ ಸುತ್ತಿ, ಮೇಲೆ “ಒಡೆದ ಗಾಜು” ಎಂದು ದೊಡ್ಡದಾಗಿ ಬರೆಯಿರಿ. ಕಸ ಎತ್ತುವವರ ಕೈ ನಿಮ್ಮ ಕೈಯಷ್ಟೇ ಮೆದು. ಕಿಟಕಿ ಗಾಜನ್ನು ಬಾಟಲಿ ಗಾಜಿನೊಂದಿಗೆ ಬೆರೆಸಬೇಡಿ. ಎರಡರ ರಾಸಾಯನಿಕ ಮಿಶ್ರಣ, ಕರಗುವ ಬಗೆ ಬೇರೆ.

3. ಹಳೆ ಪುಟ್ಟಿ ಬಿಡಿಸಿ. ಗಾಜು ಕೂರುವ ಮೆಟ್ಟಿಲಿನಾಕಾರದ ತೋಡಿಗೆ ಬಡಗಿಗಳು ರಿಬೇಟ್ ಎನ್ನುತ್ತಾರೆ. ಅದರಲ್ಲಿರುವ ಪುಟ್ಟಿಯನ್ನು ಉಳಿಯಿಂದ ಸಣ್ಣ ಸಣ್ಣ ತುಂಡಾಗಿ ಎಬ್ಬಿಸಿ. ಉಳಿಯ ಬಾಯಿ ಮರಕ್ಕೆ ಸಮಾಂತರವಾಗಿರಲಿ. ನಡುವೆ ಅಡಗಿರುವ ಮೊಳೆಗಳನ್ನು ಇಕ್ಕಳದಿಂದ ಎಳೆಯಿರಿ. ಕಲ್ಲಾಗಿದ್ದರೆ ಹೀಟ್ ಗನ್‌ನಿಂದ ಮೆತ್ತಗಾಗಿಸಬಹುದು, ಆದರೆ ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಪಕ್ಕದ ಗಾಜಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ ರಟ್ಟು ಅಡ್ಡ ಹಿಡಿಯಿರಿ, ಇಲ್ಲವಾದರೆ ಒಂದಕ್ಕೆ ಎರಡು ಒಡೆಯುತ್ತದೆ.

ಕಟ್ಟಡ ಹಳೆಯದಾಗಿದ್ದರೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅದನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ, ಹೀಟ್ ಗನ್ನೂ ಬೇಡ. ನೀರು ಹಚ್ಚಿ ಉಜ್ಜಿ, ತೆಳು ಧೂಳು ತಡೆಯುವ ಮಾಸ್ಕ್ ಹಾಕಿ, ಮಕ್ಕಳು ಮತ್ತು ಗರ್ಭಿಣಿಯರನ್ನು ಆ ಕಡೆ ಬಿಡಬೇಡಿ. ಕೆಲವು ಹಳೆಯ ಪುಟ್ಟಿಗಳಲ್ಲಿ ಕಲ್ನಾರೂ ಇತ್ತು. ಅನುಮಾನವಿದ್ದರೆ ಪರೀಕ್ಷೆ ಮಾಡಿಸುವ ತನಕ ಕೆರೆಯಬೇಡಿ.

4. ಮರ ಪರೀಕ್ಷಿಸಿ. ಇಡೀ ಕೆಲಸದಲ್ಲಿ ಜನ ಬಿಟ್ಟುಬಿಡುವ ಹಂತ ಇದು, ಮುಖ್ಯವಾದದ್ದೂ ಇದೇ. ಸ್ಕ್ರೂಡ್ರೈವರಿನ ತುದಿಯಿಂದ ಕದದ ಕೆಳಗಿನ ಅಡ್ಡಪಟ್ಟಿ, ಎರಡು ಕೆಳ ಮೂಲೆ, ಚೌಕಟ್ಟಿನ ಹೊಸ್ತಿಲ ಭಾಗ ಇವನ್ನು ಚುಚ್ಚಿ ನೋಡಿ. ನೀರು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಬಣ್ಣ ಚೆನ್ನಾಗಿ ಕಂಡರೂ ತುದಿ ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ.

ಕೊಳೆ ಸ್ವಲ್ಪವೇ ಇದ್ದರೆ ಗಟ್ಟಿ ಮರ ಸಿಗುವವರೆಗೆ ಕೆತ್ತಿ, ಪೂರ್ತಿ ಒಣಗಲು ಬಿಡಿ. ತೇವ ಅಳೆಯುವ ಮೀಟರ್ ಇದ್ದರೆ 18 ಪ್ರತಿಶತಕ್ಕಿಂತ ಕೆಳಗೆ ಬರಬೇಕು. ಆಮೇಲೆ ಮರ ಗಟ್ಟಿ ಮಾಡುವ ದ್ರವ ಕುಡಿಸಿ, ಎರಡು ಭಾಗ ಬೆರೆಸುವ ಎಪಾಕ್ಸಿ ಫಿಲ್ಲರ್ ತುಂಬಿ. ಒದ್ದೆ ಮರದ ಮೇಲೆ ತುಂಬಿದರೆ ಕೊಳೆ ಒಳಗೇ ಮುಂದುವರಿದು ಫಿಲ್ಲರ್ ಇಡಿಯಾಗಿ ಕಳಚಿ ಬರುತ್ತದೆ. ಪಟ್ಟಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಫಿಲ್ಲರ್ ನೆಚ್ಚಬೇಡಿ. ಆ ತುಂಡನ್ನು ಕತ್ತರಿಸಿ ಅದೇ ಜಾತಿಯ ಮರದ ತೇಪೆ ಕೂರಿಸಬೇಕು. ತೇಪೆಯ ಎಳೆ ಹಳೆ ಮರದ ಎಳೆಯ ದಿಕ್ಕಿಗೇ ಇರಲಿ, ಕೂಡು ಹೊರಕ್ಕೆ ಇಳಿಜಾರಾಗಿರಲಿ. ಒಳಕ್ಕೆ ಇಳಿಜಾರಾದ ಕೂಡು ನೀರನ್ನು ಮರದ ಹೊಟ್ಟೆಗೇ ಕಳಿಸುತ್ತದೆ.

ಮೂಲೆಯ ಕೂಡುಗಳು ಅಲ್ಲಾಡುತ್ತವೆಯೇ ನೋಡಿ. ಎರಡು ಕರ್ಣಗಳನ್ನು ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕದ ಓರೆಯಾಗಿದೆ. ಮೊದಲು ಕೂಡು ಬಿಗಿಗೊಳಿಸಿ ಚೌಕಕ್ಕೆ ತನ್ನಿ. ಓರೆ ಕದಕ್ಕೆ ಚೌಕ ಗಾಜು ತುರುಕಿದರೆ ಮೂಲೆಯ ಬಿರುಕು ಖಚಿತ.

5. ತೋಡಿಗೆ ಪ್ರೈಮರ್. ಬರಿ ಮರ ಪುಟ್ಟಿಯ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಎಣ್ಣೆ ಹೋದ ಪುಟ್ಟಿ ಪುಡಿಯಾಗಿ ಉದುರುತ್ತದೆ. ಪುಟ್ಟಿ ನಿಲ್ಲದಿರಲು ಬಹುತೇಕ ಕಡೆ ಇರುವ ಕಾರಣ ಇಷ್ಟೇ. ತೋಡಿನ ಒಳಗೆಲ್ಲ ಆಯಿಲ್ ಪ್ರೈಮರ್ ಒಂದು ಕೈ ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ.

6. ಅಳತೆ. ತೋಡಿನ ಒಳ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಎತ್ತರವನ್ನೂ ಮೂರು ಕಡೆ ಅಳೆಯಿರಿ. ಪ್ರತಿಯೊಂದರಲ್ಲೂ ಚಿಕ್ಕದನ್ನು ಹಿಡಿದು ಅದರಿಂದ 4 ಮಿ.ಮೀ. ಕಳೆಯಿರಿ. ಅಂದರೆ ಪ್ರತಿ ಬದಿಗೆ 2 ಮಿ.ಮೀ. ಸಂದು. ಗಾಜು ಚೌಕಟ್ಟಿಗೆ ಎಲ್ಲೂ ನೇರವಾಗಿ ತಾಗಬಾರದು. “ಬಿಗಿಯಾಗಿ ಕೂರಲಿ” ಎಂದು ಪೂರ್ತಿ ಅಳತೆ ಕೊಟ್ಟರೆ, ಮರ ತೇವಕ್ಕೆ ಹಿಗ್ಗಿದ ದಿನ ಗಾಜು ಒಡೆಯುತ್ತದೆ.

ದಪ್ಪ ಹಳೆಯದರಷ್ಟೇ ಇರಲಿ. ಸಣ್ಣ ಕದಗಳಿಗೆ 4 ಮಿ.ಮೀ., ದೊಡ್ಡವಕ್ಕೆ 5 ಅಥವಾ 6. ದಪ್ಪ ಹೆಚ್ಚಿಸುವ ಆಸೆಯಿದ್ದರೆ ಬಿಜಾಗರಿಯನ್ನು ನೆನೆಯಿರಿ. ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಗಾಜು ಎರಡೂವರೆ ಕಿಲೊ ತೂಗುತ್ತದೆ. 60 × 90 ಸೆಂ.ಮೀ.ಯ 4 ಮಿ.ಮೀ. ಗಾಜು 5.4 ಕಿಲೊ, ಅದೇ 6 ಮಿ.ಮೀ. ಆದರೆ 8.1 ಕಿಲೊ.

ಕತ್ತರಿಸುವುದನ್ನು ಅಂಗಡಿಯವರಿಗೇ ಬಿಡಿ, ಅಂಚು ಉಜ್ಜಿಸಿಕೊಳ್ಳಿ. ನೀವೇ ಕತ್ತರಿಸುವುದಾದರೆ ಚಕ್ರದ ಕಟರಿಗೆ ಸೀಮೆಎಣ್ಣೆ ತಾಗಿಸಿ, ಈ ತುದಿಯಿಂದ ಆ ತುದಿಗೆ ಒಂದೇ ಗೀರು ಎಳೆದು, ತಕ್ಷಣ ಮುರಿಯಿರಿ. ಗೀರಿನ ಮೇಲೆ ಮತ್ತೊಮ್ಮೆ ಎಳೆದರೆ ಕಟರ್ ಹಾಳು, ಗಾಜೂ ಹಾಳು. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲಾಗದು, ತೂತು ಕೊರೆಯಲಾಗದು. ಅಳತೆ ಕೊಟ್ಟು ಮಾಡಿಸಬೇಕು, ಆದ್ದರಿಂದ ಅಳತೆ ಎರಡು ಸಲ ನೋಡಿ. ಸಾಗಿಸುವಾಗ ಗಾಜನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ಒಯ್ಯಿರಿ.

7. ಹಾಸು ಪುಟ್ಟಿ ಮತ್ತು ಗಾಜು. ಪುಟ್ಟಿಯನ್ನು ಕೈಯಲ್ಲಿ ಚೆನ್ನಾಗಿ ನಾದಿ, ರೊಟ್ಟಿ ಹಿಟ್ಟಿನ ಹದಕ್ಕೆ ತನ್ನಿ. ಕೈಗೆ ಅಂಟಿದರೆ ಸೀಮೆಸುಣ್ಣದ ಪುಡಿ, ಬಿರಿದರೆ ಒಂದೆರಡು ಹನಿ ಅಗಸೆ ಎಣ್ಣೆ. ತೋಡಿನ ಹಿಂಗೋಡೆಯ ಉದ್ದಕ್ಕೂ 4–5 ಮಿ.ಮೀ. ದಪ್ಪಕ್ಕೆ ಒತ್ತಿ. ಗಾಜಿನ ಕೆಳ ಅಂಚನ್ನು ಮೊದಲು ಕೂರಿಸಿ, ಆಮೇಲೆ ಮೇಲಕ್ಕೆ ಒರಗಿಸಿ. ಒತ್ತುವುದು ಅಂಚುಗಳನ್ನು ಮಾತ್ರ. ನಡುವೆ ಒತ್ತಿದರೆ ಅಂಗೈಯ ಕೆಳಗೇ ಒಡೆಯುತ್ತದೆ. ಹಿಂದೆ 2 ಮಿ.ಮೀ. ಪುಟ್ಟಿ ಎಲ್ಲ ಕಡೆ ಉಳಿದು, ಒಳಬದಿಗೆ ಸ್ವಲ್ಪ ಉಕ್ಕಿ ಬಂದರೆ ಹಾಸು ತುಂಬಿದೆ ಎಂದು ತಿಳಿಯಿರಿ. ಈ ಹಾಸನ್ನು ಬಿಟ್ಟು ಬರಿ ಮರದ ಮೇಲೆ ಗಾಜಿಟ್ಟು ಹೊರಗೆ ಮಾತ್ರ ಪುಟ್ಟಿ ಬಳಿಯುವುದು ಅವಸರದ ಕೆಲಸ. ಅಂಥ ಕಿಟಕಿ ಗಾಳಿಗೆ ಗಡಗಡ ಎನ್ನುತ್ತದೆ.

8. ಮೊಳೆ ಮತ್ತು ಮುಖದ ಪುಟ್ಟಿ. 15–20 ಸೆಂ.ಮೀ.ಗೊಂದು ಮೊಳೆ, ಪ್ರತಿ ಬದಿಗೆ ಕನಿಷ್ಠ ಎರಡು. ಸುತ್ತಿಗೆಯನ್ನು ಗಾಜಿನ ಮೇಲೆ ಜಾರಿಸುತ್ತಾ ಹೊಡೆಯಿರಿ, ಎತ್ತಿ ಹೊಡೆಯಬೇಡಿ. ಗಾಜಿನ ಮೇಲೆ ತೆಳು ರಟ್ಟು ಇಟ್ಟರೆ ಗೀಚುವುದಿಲ್ಲ. ಮೊಳೆ ಗಾಜನ್ನು ತಡೆಯಬೇಕು, ಒತ್ತಬಾರದು. ಈಗ ಗಾಜಿನ ಮುಂಬದಿಗೆ ಪುಟ್ಟಿ ತುಂಬಿ, ಬ್ಲೇಡನ್ನು ಓರೆಯಾಗಿ ಹಿಡಿದು ಮೂಲೆಯಿಂದ ಮೂಲೆಗೆ ಒಂದೇ ಎಳೆತದಲ್ಲಿ ಇಳಿಜಾರು ಮಾಡಿ. ಮೊಳೆ ಕಾಣಬಾರದು. ಇಳಿಜಾರಿನ ಮೇಲಂಚು ಒಳಗಿನ ಮರದ ಅಂಚಿಗಿಂತ 2 ಮಿ.ಮೀ. ಕೆಳಗಿರಲಿ, ಬಣ್ಣದ ಅಂಚು ಒಳಗಿನಿಂದ ಕಾಣದಂತಿರಲು ಆ ಜಾಗ ಬೇಕು.

ಪುಟ್ಟಿಯ ಬದಲು ಮರದ ಬೀಡಿಂಗ್ ಪಟ್ಟಿ ಇರುವ ಕಿಟಕಿಯಾದರೆ ಪಟ್ಟಿಯ ಹಿಂದೆಯೂ ಸೀಲಂಟ್ ಹಾಕಿ ಕೂರಿಸಿ. ಪಟ್ಟಿಗೆ ಮೊದಲೇ ಸಣ್ಣ ತೂತು ಕೊರೆದಿಟ್ಟುಕೊಂಡರೆ ಮೊಳೆ ಗಾಜಿನತ್ತ ಓಡುವುದಿಲ್ಲ.

9. ಕಾಯುವುದು, ಬಣ್ಣ ಬಳಿಯುವುದು. ಪುಟ್ಟಿಯ ಮೇಲೆ ಬೆರಳಿಟ್ಟರೆ ಗುರುತು ಬೀಳದಷ್ಟು ತೊಗಲು ಕಟ್ಟಬೇಕು. ಹವೆಗೆ ತಕ್ಕಂತೆ ಇದಕ್ಕೆ ಒಂದರಿಂದ ಮೂರು ವಾರ ಹಿಡಿಯುತ್ತದೆ. ಬಣ್ಣ ಬಳಿಯುವಾಗ ಪುಟ್ಟಿಯನ್ನು ದಾಟಿ ಗಾಜಿನ ಮೇಲೂ 2 ಮಿ.ಮೀ. ಬರಲಿ. ಆ ಸಣ್ಣ ಗೆರೆಯೇ ಗಾಜು ಮತ್ತು ಪುಟ್ಟಿಯ ಸಂದಿಗೆ ನೀರು ಇಳಿಯದಂತೆ ತಡೆಯುವುದು. ಚೆಂದಕ್ಕೆಂದು ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಡಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಬಯಲಲ್ಲಿ ಹರವಿ ಒಣಗಿಸಿ.

ಕಬ್ಬಿಣದ ಕಿಟಕಿಯಾದರೆ

ಹಂತಗಳು ಅವೇ, ವ್ಯತ್ಯಾಸ ಮೂರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ತೋಡಿನಲ್ಲಿ ತುಕ್ಕಿನ ಒಂದು ಉಬ್ಬು ಉಳಿದರೂ ಹೊಸ ಗಾಜನ್ನು ನೂಕಿ ಒಡೆಯುತ್ತದೆ. ವೈರ್ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಅದೇ ದಿನ ತುಕ್ಕು ನಿರೋಧಕ ಪ್ರೈಮರ್ ಹಚ್ಚಿ, ರಾತ್ರಿಯ ತೇವಕ್ಕೆ ಬಿಡಬೇಡಿ. ಎರಡನೆಯದು, ಗಾಜು ಹಿಡಿಯುವುದು ಮೊಳೆಯಲ್ಲ, ಚೌಕಟ್ಟಿನ ತೂತಿಗೆ ಸಿಕ್ಕಿಸುವ ತಂತಿಯ ಕ್ಲಿಪ್. ತೆಗೆಯುವಾಗ ತೂತುಗಳ ಜಾಗ ಗುರುತಿಟ್ಟುಕೊಳ್ಳಿ. ಮೂರನೆಯದು ಪುಟ್ಟಿ: ಮರದ ಪುಟ್ಟಿ ಒಣಗಲು ಮರವೂ ಸ್ವಲ್ಪ ಎಣ್ಣೆ ಹೀರಬೇಕು, ಕಬ್ಬಿಣ ಹೀರುವುದಿಲ್ಲ. ಲೋಹದ ಕಿಟಕಿಗೆಂದೇ ಮಾಡಿದ ಪುಟ್ಟಿ ಕೇಳಿ ತನ್ನಿ.

ಅಲ್ಯೂಮಿನಿಯಂ ಜಾರುಗಿಟಕಿ

ಕದವನ್ನು ಮೇಲಿನ ಹಳಿಯೊಳಕ್ಕೆ ಎತ್ತಿ, ಕೆಳಭಾಗವನ್ನು ನಿಮ್ಮತ್ತ ಎಳೆದರೆ ಹೊರಬರುತ್ತದೆ. ಬರದಿದ್ದರೆ ಮೇಲೆ ಎತ್ತದಂತೆ ತಡೆಯುವ ಸಣ್ಣ ತುಂಡು ಇರುತ್ತದೆ, ಅದರ ಸ್ಕ್ರೂ ಬಿಚ್ಚಿ. ಗಾಜಿನ ಸುತ್ತ ಯು ಆಕಾರದ ರಬ್ಬರ್ ಇರುತ್ತದೆ. ಕದದ ಒಂದು ಬದಿಯ ಮೇಲಿನ, ಕೆಳಗಿನ ಸ್ಕ್ರೂ ತೆಗೆದು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆ ಪಟ್ಟಿಯನ್ನು ಬೇರ್ಪಡಿಸಿದರೆ ಗಾಜು ಜಾರಿ ಬರುತ್ತದೆ.

ಹಳೆ ರಬ್ಬರನ್ನೇ ಮತ್ತೆ ಬಳಸಬೇಡಿ. ಹೊಸದನ್ನು ಸುತ್ತಳತೆಗಿಂತ ನೂರಕ್ಕೆ ಒಂದೆರಡು ಭಾಗ ಉದ್ದವಾಗಿ ಕತ್ತರಿಸಿ, ಎಳೆಯದೆ ಸುತ್ತಿ. ಎಳೆದು ಸುತ್ತಿದ ರಬ್ಬರ್ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಕೂಡು ಮೇಲಂಚಿನಲ್ಲಿ ಬರಲಿ, ಕೆಳಗಲ್ಲ. ಗಟ್ಟಿಯಾಗಿದ್ದರೆ ಸೋಪು ನೀರು ಸಾಕು, ಎಣ್ಣೆ ಬೇಡ.

ಈ ಬಗೆಯ ಕಿಟಕಿಯಲ್ಲಿ ನೀರು ಒಳಗೆ ಬರುತ್ತದೆ ಎಂಬ ದೂರಿಗೆ ಬಹುಪಾಲು ಕಾರಣ ಗಾಜಲ್ಲ, ಕೆಳಹಳಿಯ ನೀರು ಹೋಗುವ ತೂತುಗಳು. ಹಳಿಗೆ ನೀರು ಬೀಳುವುದು ಸಹಜ, ಹೊರಬದಿಯ ಸಣ್ಣ ತೂತುಗಳಿಂದ ಅದು ಹೊರಹೋಗುವಂತೆಯೇ ಕಿಟಕಿ ಮಾಡಿರುತ್ತಾರೆ. ಧೂಳು, ಕೂದಲು, ಕಣಜದ ಮಣ್ಣು ಸೇರಿ ಮುಚ್ಚಿದರೆ ಹಳಿ ತುಂಬಿ ಕೋಣೆಗೆ ಹರಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, “ಇಲ್ಲಿಂದಲೇ ನೀರು ಬರುತ್ತಿದೆ” ಎಂದುಕೊಂಡು ಆ ತೂತುಗಳಿಗೇ ಸಿಲಿಕೋನ್ ತುಂಬುವುದು. ಒಂದು ಚೊಂಬು ನೀರನ್ನು ಹಳಿಗೆ ಸುರಿದು ನೋಡಿ. ಕ್ಷಣದಲ್ಲಿ ಹೊರಗೆ ಇಳಿಯದಿದ್ದರೆ ತೂತು ಬಿಡಿಸಿ.

ಜೋಡಿ ಗಾಜು ಮತ್ತು ಯುಪಿವಿಸಿ

ಮೊದಲು ಮಂಜು ಎಲ್ಲಿದೆ ಎಂದು ಬೆರಳಿನಿಂದ ಒರೆಸಿ ನೋಡಿ. ಒಳಮುಖದಲ್ಲಿದ್ದರೆ ಕೋಣೆಯ ತೇವ ಹೆಚ್ಚು, ಗಾಳಿಯಾಡಿಸಿ. ಹೊರಮುಖದಲ್ಲಿದ್ದರೆ ದೋಷವೇ ಅಲ್ಲ. ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ, ಅದಕ್ಕೇ ಹೊರಗಾಜು ತಣ್ಣಗಿದೆ. ಎರಡು ಗಾಜಿನ ನಡುವೆ ಇದ್ದರೆ ಅಂಚಿನ ಸೀಲು ಹೋಗಿದೆ. ಅಂಚಿನ ಪಟ್ಟಿಯೊಳಗೆ ತೇವ ಹೀರುವ ಹರಳುಗಳಿರುತ್ತವೆ. ಅವು ತುಂಬಿಹೋದ ಮೇಲೆ ಮಂಜು ಕಾಣತೊಡಗುತ್ತದೆ. ತೂತು ಕೊರೆದು ಒಣಗಿಸಿದರೆ ಕೆಲಕಾಲ ತಿಳಿಯಾಗಬಹುದು, ಮೊದಲಿನ ಗುಣ ಮರಳುವುದಿಲ್ಲ. ಗಾಜಿನ ಜೋಡಿಯನ್ನಷ್ಟೇ ಬದಲಿಸಬೇಕು. ಚೌಕಟ್ಟು ಗಟ್ಟಿಯಾಗಿದ್ದರೆ ಇಡೀ ಕಿಟಕಿ ಕೀಳಿಸುವ ಮಾತಿಗೆ ಒಪ್ಪಬೇಡಿ.

ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಗಾಜನ್ನು ಹಿಡಿದಿರುವ ಪಟ್ಟಿಗಳನ್ನು ಅಗಲದ ಪುಟ್ಟಿ ಬ್ಲೇಡಿನಿಂದ ಬಿಡಿಸಿ. ಅತಿ ಉದ್ದದ ಪಟ್ಟಿಯ ನಡುವಿನಿಂದ ಶುರು ಮಾಡಿದರೆ ಬಾಗಿ ಬರುತ್ತದೆ. ಮೂಲೆಯಿಂದ ಮೀಟಿದರೆ ಮೂಲೆ ಮುರಿಯುತ್ತದೆ. ಯಾವ ಪಟ್ಟಿ ಯಾವ ಬದಿಯದೆಂದು ಟೇಪಿನ ಮೇಲೆ ಬರೆದಿಡಿ. ಹೊಸ ಜೋಡಿಯ ಅಗಲ, ಎತ್ತರ, ಒಟ್ಟು ದಪ್ಪ ಮೂರನ್ನೂ ಕೊಡಿ, 24 ಮಿ.ಮೀ. ಎಂದರೆ ಸಾಮಾನ್ಯವಾಗಿ 4 ಗಾಜು, 16 ಸಂದು, 4 ಗಾಜು. ದಪ್ಪದಲ್ಲಿ 2 ಮಿ.ಮೀ. ತಪ್ಪಿದರೂ ಪಟ್ಟಿ ಕೂರುವುದಿಲ್ಲ.

ಗಾಜಿನ ಕೆಳಗೆ ಪ್ಲಾಸ್ಟಿಕ್ ಬಿಲ್ಲೆಗಳಿರುತ್ತವೆ, ಪ್ಯಾಕರ್ ಎನ್ನುತ್ತಾರೆ. ಅವನ್ನು ಎಸೆಯಬೇಡಿ, ಇದ್ದ ಜಾಗದ ಫೋಟೊ ತೆಗೆದಿಡಿ. ಸ್ಥಿರ ಗಾಜಿಗೆ ಕೆಳಗೆ ಎರಡು ತುದಿಗೆ ಒಂದೊಂದು. ಪಕ್ಕಕ್ಕೆ ತೆರೆಯುವ ಕದದಲ್ಲಿ ಬಿಜಾಗರಿ ಇರುವ ಬದಿಯ ಕೆಳಮೂಲೆಯಲ್ಲಿ ಒಂದು, ಅದಕ್ಕೆ ಕರ್ಣವಾಗಿ ಚಿಲಕದ ಬದಿಯ ಮೇಲ್ಮೂಲೆಯಲ್ಲಿ ಒಂದು. ಆಗ ಗಾಜೇ ಆಸರೆಯಾಗಿ ಕದ ಜೋಲದಂತೆ ಹಿಡಿಯುತ್ತದೆ. ಹೊಸ ಗಾಜು ಹಾಕಿದ ಮೇಲೆ ಕದ ಕೆಳಗೆ ಉಜ್ಜತೊಡಗಿದರೆ ಈ ಬಿಲ್ಲೆ ತಪ್ಪಿದೆ. ಬಿಜಾಗರಿ ತಿರುಪುವ ಮೊದಲು ಅದನ್ನು ಸರಿಪಡಿಸಿ. ಬಿಲ್ಲೆ ಇಲ್ಲದೆ ಗಾಜು ತಳಕ್ಕೆ ಕೂತರೆ ಅಂಚು ಸದಾ ನೀರಿನಲ್ಲಿ ನೆನೆದು ಹೊಸ ಸೀಲೂ ಬೇಗ ಹೋಗುತ್ತದೆ.

ಸಿಲಿಕೋನ್ ಬಗ್ಗೆ ಎರಡು ಮಾತು

ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಅದು ಲೋಹವನ್ನು ತಿನ್ನುತ್ತದೆ, ಲ್ಯಾಮಿನೇಟೆಡ್ ಗಾಜಿನ ಪದರವನ್ನೂ ಜೋಡಿ ಗಾಜಿನ ಸೀಲನ್ನೂ ಕೆಡಿಸುತ್ತದೆ. ಕೊಳವೆಯ ಮೇಲೆ ‘ನ್ಯೂಟ್ರಲ್’ ಎಂದಿರುವುದನ್ನೇ ತನ್ನಿ. ಸಿಲಿಕೋನ್ ಮೇಲೆ ಬಣ್ಣ ನಿಲ್ಲದು. ಮರದ ಕಿಟಕಿಗೆ ಬಣ್ಣ ಹಿಡಿಯುವ ಸೀಲಂಟ್ ಬೇಕು. ಹಳೆಯದರ ಮೇಲೆ ಹೊಸ ಪದರ ಎಳೆಯಬೇಡಿ, ಪೂರ್ತಿ ಕೆರೆದು ಸ್ಪಿರಿಟ್‌ನಿಂದ ಒರೆಸಿ. ಚೌಕಟ್ಟು ಮತ್ತು ಗೋಡೆಯ ನಡುವಿನ ಅಗಲ ಸಂದಿಗೆ ಮೊದಲು ಫೋಮ್ ಹುರಿ ತುರುಕಿ, ಅದರ ಮೇಲೆ ಸಂದಿನ ಅಗಲದ ಅರ್ಧದಷ್ಟು ಆಳಕ್ಕೆ ಸೀಲಂಟ್ ಹಾಕಿ. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಿದರೆ ಹಿಗ್ಗಿ ಕುಗ್ಗುತ್ತದೆ, ತಳಕ್ಕೂ ಅಂಟಿದರೆ ಹರಿಯುತ್ತದೆ.

ಸೋರಿಕೆ ಎಲ್ಲಿಂದ ಎಂದು ತಿಳಿಯದಿದ್ದರೆ ಪೈಪಿನಿಂದ ಮೆಲ್ಲಗೆ ನೀರು ಬಿಡಿ: ಮೊದಲು ಹೊಸ್ತಿಲಿಗೆ, ಐದು ನಿಮಿಷದ ನಂತರ ಬದಿಗಳಿಗೆ, ಕೊನೆಗೆ ಮೇಲೆ. ಒಳಗೆ ಒಬ್ಬರು ನೋಡುತ್ತಿರಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ಗೊತ್ತಾಗದು.

ಗೀರು, ಕಲೆ, ಹಳೆಯ ಗಾಜು

ಉಗುರಿಗೆ ಸಿಕ್ಕದ ಗೀರನ್ನು ಸೀರಿಯಂ ಆಕ್ಸೈಡ್ ಪುಡಿ ಮತ್ತು ಫೆಲ್ಟ್ ಚಕ್ರದಿಂದ ತಿಕ್ಕಿ ಮಾಯಿಸಬಹುದು. ಗಾಜು ಕಾಯದಂತೆ ನೀರು ಚಿಮುಕಿಸುತ್ತಿರಿ. ಉಗುರಿಗೆ ಸಿಕ್ಕುವ ಗೀರನ್ನು ತೆಗೆಯಹೊರಟರೆ ಆ ಜಾಗ ಗುಳಿಬಿದ್ದು ಹೊರಗಿನ ನೋಟ ವಕ್ರವಾಗುತ್ತದೆ. ಗಡಸು ನೀರಿನ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು. ಸಿಮೆಂಟ್ ಹನಿ ಬಿದ್ದರೆ ಹಸಿಯಿರುವಾಗಲೇ ತೊಳೆಯಿರಿ. ಅದರ ಕ್ಷಾರ ಗಾಜನ್ನೇ ತಿನ್ನುತ್ತದೆ.

ಹಳೆಯ ಮನೆಯ ಅಲೆಯಲೆಯಾದ ಗಾಜು ಇನ್ನೂ ಇದ್ದರೆ ದಯವಿಟ್ಟು ಉಳಿಸಿಕೊಳ್ಳಿ. ಅದು ಊದಿಯೋ ಎಳೆದೋ ಮಾಡಿದ ಗಾಜು. ಇಂದಿನ ಸಪಾಟು ಗಾಜು ಕರಗಿದ ತವರದ ಮೇಲೆ ತೇಲಿಸಿ ಮಾಡುವಂಥದ್ದು, ಪಿಲ್ಕಿಂಗ್ಟನ್ ಕಂಪನಿ ಆ ವಿಧಾನವನ್ನು ಪ್ರಕಟಿಸಿದ್ದು 1959ರಲ್ಲಿ. ಹಳೆ ಗಾಜು ಕಾಲಕ್ರಮೇಣ ಕೆಳಕ್ಕೆ ಹರಿದು ದಪ್ಪವಾಗುತ್ತದೆ ಎಂಬ ಮಾತು ನಿಜವಲ್ಲ. ತಯಾರಾದಾಗಲೇ ಅದು ಏರುಪೇರಾಗಿತ್ತು. ಚೌಕಟ್ಟು ಮಾತ್ರ ಕೆಟ್ಟಿದ್ದರೆ ಗಾಜನ್ನು ಜೋಪಾನವಾಗಿ ತೆಗೆದು ಮತ್ತೆ ಕೂರಿಸಬಹುದು.

ವರ್ಷಕ್ಕೆರಡು ಸಲದ ಆರೈಕೆ

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಹಳಿ ಗುಡಿಸಿ, ನೀರಿನ ತೂತು ಬಿಡಿಸಿ. ಬಿಜಾಗರಿಗೆ ಎರಡು ಹನಿ ಎಣ್ಣೆ, ಸಡಿಲ ಸ್ಕ್ರೂ ಬಿಗಿ ಮಾಡಿ. ತಿರುಗುತ್ತಲೇ ಇದ್ದರೆ ತೂತಿಗೆ ಅಂಟು ಹಚ್ಚಿದ ಮರದ ಕಡ್ಡಿ ತುರುಕಿ ಮತ್ತೆ ತಿರುಪಿ. ಪುಟ್ಟಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಆ ತುಂಡನ್ನಷ್ಟೇ ತೆಗೆದು ತುಂಬಿ, ಬಣ್ಣ ಮುಟ್ಟಿಸಿ. ಹೊಸ್ತಿಲ ಅಡಿಯಲ್ಲಿ ಉದ್ದಕ್ಕೂ ಒಂದು ತೋಡು ಗೀರು ಇರುತ್ತದೆ. ನೀರು ಗೋಡೆಗೆ ಹತ್ತದೆ ಅಲ್ಲೇ ತೊಟ್ಟಿಕ್ಕಲು ಅದನ್ನು ಮಾಡಿರುತ್ತಾರೆ. ಬಣ್ಣ ಬಳಿಯುವವರು ಅದನ್ನು ತುಂಬಿಬಿಡದಂತೆ ನೋಡಿಕೊಳ್ಳಿ.

ನೀವು ಮಾಡಬಾರದ ಕೆಲಸಗಳೂ ಇವೆ: ಏಣಿಯಿಂದಷ್ಟೇ ತಲುಪಬಹುದಾದ ಎತ್ತರದ ಗಾಜು, ತಲೆಯ ಮೇಲಿನ ಗಾಜು, ಒಂದು ಚದರ ಮೀಟರಿಗಿಂತ ದೊಡ್ಡದು ಅಥವಾ 20 ಕಿಲೊಗಿಂತ ಭಾರದ್ದು, ಕಟ್ಟಡದ ಮುಖಕ್ಕೆ ಅಂಟಿಸಿದ ಗಾಜಿನ ಗೋಡೆ. ಇವಕ್ಕೆ ಗಾಜಿನ ಕೆಲಸದವರನ್ನೇ ಕರೆಯಿರಿ. ಕರೆದಾಗ ಮೂರು ಪ್ರಶ್ನೆ ಕೇಳಿ: ಬಿರುಕಿಗೆ ಕಾರಣ ಏನೆಂದು ನೋಡಿದಿರಾ, ಯಾವ ಬಗೆಯ ಗಾಜು ಹಾಕುತ್ತೀರಿ, ಗಾಜಿನ ಸುತ್ತ ಎಷ್ಟು ಸಂದು ಬಿಡುತ್ತೀರಿ. ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ.